ಹೊಸ್ತಿಲ ಹಳದಿ

ಪಂಚಮಿಗೆ ಮಗಳು ಬರುತ್ತಾಳೆ ಅಂದರೆ ನಮ್ಮ ಮನೆಯಲ್ಲಿ ಎರಡು ಕೆಲಸ. ಪಡಸಾಲೆಯ ತೊಲೆಗೆ ಜೋಕಾಲಿ ಕಟ್ಟೋದು, ಹೊಸ್ತಿಲಿಗೆ ಹಳದಿ ಬಳಿಯೋದು. ಜೋಕಾಲಿ ತಮ್ಮನದು, ಹಳದಿ ನನ್ನದು. ಬಣ್ಣದ ಅಂಗಡಿ ಇಟ್ಟವನ ಮನೆ ಹೊಸ್ತಿಲು ಮಾಸಿದ್ದರೆ ಜನ ಏನಂದಾರು!

ಕಲಬುರಗಿಯ ಬ್ರಹ್ಮಪುರದಲ್ಲಿ ನಮ್ಮ ಹಳೇ ಮನೆ. ನೆಲಕ್ಕೆ ಶಹಾಬಾದ್ ಕಲ್ಲು, ಸಾಗವಾನಿ ಬಾಗಿಲು, ಬಾಗಿಲ ಮೇಲೆ ಅಪ್ಪನ ಕಾಲದಿಂದ ಬಳಿದ ಆಯಿಲ್ ಪೇಂಟ್, ಒಂದರ ಮೇಲೊಂದು. ನಮ್ಮ ಬಿಸಿಲು ಗೊತ್ತಲ್ಲ, ಏಪ್ರಿಲ್ ಬಂತೆಂದರೆ ಆ ಬಣ್ಣ ಹಪ್ಪಳದ ಹಾಗೆ ಏಳುತ್ತದೆ.

ಈ ಸಲ ಮೊಮ್ಮಗನಿಗೆ ಹದಿನಾಲ್ಕು ತಿಂಗಳು. ಹೊಸ್ತಿಲ ಹತ್ತಿರ ಕೂತು ಏನೋ ಅಗಿಯುತ್ತಿದ್ದ. ಮಗಳು ಬಾಯಿಗೆ ಬೆರಳು ಹಾಕಿ ತೆಗೆದಳು. ಉಗುರಿನಷ್ಟು ಬಣ್ಣದ ಚೂರು. ಮೇಲೆ ಹಳದಿ, ಕೆಳಗೆ ಕೆಂಪು, ಅದರ ಕೆಳಗೆ ಇನ್ನೊಂದು ಹಳದಿ. ಕೆಳಗಿನದು ಯಾವುದು ಅಂತ ನೋಡಿದ ಕೂಡಲೇ ಗೊತ್ತಾಯಿತು. ನನ್ನ ಮದುವೆ ವರ್ಷ ನಾನೇ ಅಂಗಡಿಯಿಂದ ತಂದು ಬಳಿದದ್ದು.

ಆ ಕಾಲದ ಹಳದಿ ಅಷ್ಟು ಹೊಳೆಯುತ್ತಿದ್ದದ್ದು ಲೆಡ್ ಕ್ರೋಮೇಟಿನಿಂದ. ಅಂದರೆ ಸೀಸ, ಮೈಗೆ ವಿಷ. ಕೆಲವು ಡಬ್ಬಿಗಳಲ್ಲಿ ಹತ್ತು ಲಕ್ಷ ಭಾಗಕ್ಕೆ ಹತ್ತಾರು ಸಾವಿರ ಭಾಗ ಇರುತ್ತಿತ್ತು. ಕೇಂದ್ರ ಸರ್ಕಾರ 2016ರಲ್ಲಿ ನಿಯಮ ತಂದು, 2017ರ ನವೆಂಬರ್ 1ರಿಂದ ಮನೆಗೆ ಬಳಿಯುವ ಬಣ್ಣದಲ್ಲಿ 90 ಭಾಗಕ್ಕಿಂತ ಜಾಸ್ತಿ ಇರಬಾರದು ಅಂತ ಮಾಡಿತು. ಒಂದು ಕಿಲೋ ಬಣ್ಣಕ್ಕೆ 90 ಮಿಲಿಗ್ರಾಂ. ಹೊಸ ಡಬ್ಬಿಗೆ ಕಾನೂನು ಬಂತು, ಸರಿ. ನಾನು ಊರ ತುಂಬ ಮಾರಿದ ಹಳೇ ಡಬ್ಬಿಗಳು ಇನ್ನೂ ಬಾಗಿಲು, ಕಿಟಕಿ, ತೊಟ್ಟಿಲುಗಳ ಮೇಲೇ ಇವೆ ಅಲ್ವಾ?

ರಕ್ತ ಪರೀಕ್ಷೆಗೆ ಓಡಿದೆವು. ಲ್ಯಾಬಿನ ಹುಡುಗ "ಸೀಸಾನಾ?" ಅಂತ ಎರಡು ಸಲ ಕೇಳಿದ. ರಕ್ತ ಹೊರಗಡೆ ಕಳಿಸಿದರು. ಆರು ದಿನ ಯಾರಿಗೂ ಊಟ ಸೇರಲಿಲ್ಲ. ಬಂದದ್ದು ಡೆಸಿಲೀಟರಿಗೆ 6 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 5 ಮುಟ್ಟಿದರೆ ಸೀಸ ಎಲ್ಲಿಂದ ಬಂತು ಅಂತ ಹುಡುಕಿ ತೆಗೆಯಲು ಹೇಳುತ್ತದೆ. ಇಷ್ಟು ಇದ್ದರೆ ಪರವಾಗಿಲ್ಲ ಅನ್ನುವ ಅಳತೆಯೇ ಇಲ್ಲ ಅಂತಲೂ ಹೇಳುತ್ತದೆ. ಹೊಟ್ಟೆಗೆ ಹೋದ ಸೀಸವನ್ನು ಚಿಕ್ಕ ಮಕ್ಕಳ ಮೈ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೀರಿಕೊಳ್ಳುತ್ತದೆ. ಹೋಗಿ ಸೇರುವುದು ಮೆದುಳಿಗೆ, ಎಲುಬಿಗೆ. ಜ್ವರ ಇಲ್ಲ, ಕೆಮ್ಮು ಇಲ್ಲ, ಮಗು ಆಡಿಕೊಂಡೇ ಇರುತ್ತದೆ.

ಡಾಕ್ಟರು ಇಷ್ಟಕ್ಕೆ ಔಷಧಿ ಬೇಡ ಅಂದರು. ಕಬ್ಬಿಣಾಂಶ, ಕ್ಯಾಲ್ಸಿಯಂ ಇರುವ ಊಟ ಕೊಡಿ, ಮೂರು ತಿಂಗಳಿಗೆ ಮತ್ತೆ ರಕ್ತ ನೋಡೋಣ, ಮೊದಲು ಮನೆ ಸರಿ ಮಾಡಿ ಅಂದರು. ಮಗಳು ಅವತ್ತೇ ಮಗುವನ್ನು ಕರಕೊಂಡು ನನ್ನ ತಮ್ಮನ ಮನೆಗೆ ಹೋದಳು. ಅವನದು ಹೊಸ ಮನೆ.

ನಮ್ಮ ಪೇಂಟರ್ ಬಂದವನೇ ಪಾಲಿಶ್ ಪೇಪರ್ ತೆಗೆದ. ಬಾಗಿಲಿಗೆ ಬ್ಲೋ ಲ್ಯಾಂಪ್ ಹಿಡಿಯಲಾ ಅಂದ. ಎರಡೂ ಬೇಡ ಅಂದೆ. ಒಣಗಿದ್ದನ್ನು ತಿಕ್ಕಿದರೆ ಧೂಳು ಮನೆಯೆಲ್ಲ ಹಾರುತ್ತದೆ, ಸುಟ್ಟರೆ ಸೀಸದ ಹೊಗೆ. ಚೂರಿಗಿಂತ ಕಣ್ಣಿಗೆ ಕಾಣದ ಧೂಳೇ ಕೆಟ್ಟದ್ದು, ಮಗುವಿನ ಕೈಗೆ ಹತ್ತಿ ಬಾಯಿಗೆ ಹೋಗುತ್ತದೆ. "ಮೂವತ್ತ್ ವರ್ಷದಿಂದ ಇದೇ ಕೆಲಸ ಮಾಡ್ಲಾಕತ್ತೀನ್ರಿ ಸಾವ್ಕಾರ್ರೆ, ನನಗೇನಾಗ್ಯಾದ್ರಿ?" ಅಂದ. ನಿನ್ನ ಅಂಗಿ ಯಾರು ಒಗೀತಾರೆ, ಅದೇ ಅಂಗಿ ಮೇಲೆ ಮೊಮ್ಮಕ್ಕಳನ್ನ ಎತ್ಕೋತೀಯಾ ಅಂತ ಕೇಳಿದೆ. ಸುಮ್ಮನಾದ. ಇಷ್ಟು ವರ್ಷ ಅವನಿಗೆ ಪಾಲಿಶ್ ಪೇಪರ್ ಮಾರಿದವನು ನಾನೇ, ಅದನ್ನು ಅವನು ಹೇಳಲಿಲ್ಲ. ದೊಡ್ಡ ಗುಣ.

ಕೆಳಗೆ ಪ್ಲಾಸ್ಟಿಕ್ ಹಾಸಿದೆವು. ಸ್ಪ್ರೇ ಬಾಟ್ಲಿಯಿಂದ ನೀರು ಹೊಡೆದು, ನೆನೆದ ಮೇಲೆ ಕೆರೆದೆವು. ಬಾಗಿಲು ಮುಚ್ಚುವಾಗ ಒರಸುವ ಅಂಚು, ಕಿಟಕಿ ಚೌಕಟ್ಟು, ಹೊಸ್ತಿಲು, ಇವಿಷ್ಟೇ. ಉಜ್ಜಾಡುವ ಜಾಗದಲ್ಲೇ ಬಣ್ಣ ಪುಡಿಯಾಗೋದು. ಗಟ್ಟಿಯಾಗಿ ಕೂತದ್ದನ್ನು ಕೆದಕಲಿಲ್ಲ, ಮೇಲೆ ಹೊಸ ಬಣ್ಣ ಎಳೆದೆವು. ಕೆರೆದ ಚೂರನ್ನೆಲ್ಲ ಪ್ಲಾಸ್ಟಿಕ್ ಸಮೇತ ಸುತ್ತಿ ಕಟ್ಟಿದೆವು. ಸುಡಲಿಲ್ಲ, ಗಿಡಕ್ಕೂ ಹಾಕಲಿಲ್ಲ. ಆಮೇಲೆ ಸೋಪಿನ ನೀರಲ್ಲಿ ಎರಡು ಸಲ ನೆಲ ಒರೆಸಿದೆವು. ಶಹಾಬಾದ್ ಕಲ್ಲಿನ ಸಂದಿಗೆ ಹಳೇ ಬ್ರಷ್. ಕಸಬರಿಗೆ ಮುಟ್ಟಬಾರದು ಅಂತ ಹೆಂಡತಿಗೆ ಹೇಳಿದ್ದೇ ದೊಡ್ಡ ಜಗಳವಾಯಿತು.

ಈಗ ಅಂಗಡಿಗೆ ಯಾರಾದರೂ ಹಳೇ ಬಾಗಿಲಿಗೆ ಬಣ್ಣ ಕೇಳಿದರೆ, 2017ಕ್ಕಿಂತ ಮುಂಚಿನ ಆಯಿಲ್ ಪೇಂಟ್ ಇದ್ದರೆ ಸೀಸ ಇದೆ ಅಂತಲೇ ತಿಳಿದು ಕೆಲಸ ಮಾಡಿ ಅನ್ನುತ್ತೇನೆ. ಮನೆಯಲ್ಲಿ ಬಸುರಿ, ಮಕ್ಕಳು ಇದ್ದರೆ ಕೆಲಸ ಮುಗಿಯುವವರೆಗೆ ಬೇರೆ ಕಡೆ ಕಳಿಸಿ ಅನ್ನುತ್ತೇನೆ. ಅರ್ಧ ಜನ ನಗುತ್ತಾರೆ.

ಹೊಸ್ತಿಲಿಗೆ ಈ ಸಲ ಡಬ್ಬಿ ಹಳದಿ ಬೇಡ ಅಂದಳು ಹೆಂಡತಿ. ಅದೇ ಲೆಡ್ ಕ್ರೋಮೇಟನ್ನು ಅರಿಶಿನ ಪುಡಿಗೂ ಬೆರೆಸುವವರಿದ್ದಾರೆ ಅಂತ ನಾನು ಬಾಯಿ ತಪ್ಪಿ ಹೇಳಿದ್ದೆ. ಹಾಗಾಗಿ ಅರಿಶಿನ ಕೊಂಬು ತರಿಸಿ, ತಾನೇ ಕುಟ್ಟಿ, ಶುಕ್ರವಾರಕ್ಕೊಮ್ಮೆ ಕಲಸಿ ಹಚ್ಚುತ್ತಾಳೆ. ಎರಡೇ ದಿನಕ್ಕೆ ಮಾಸುತ್ತದೆ. ಮಾಸಲಿ. ದೀಪಾವಳಿ ಹೊತ್ತಿಗೆ ಎರಡನೇ ರಿಪೋರ್ಟು ಬರಬೇಕು.