ದಾವಣಗೆರೆಯಿಂದ ದಾವಣಗೆರೆಗೆ: ಅಪ್ಪನ ಜೊತೆ ಮೂರು ದಿನದ ರೈಲು ಸುತ್ತು

ನಮ್ಮಪ್ಪ ದಾವಣಗೆರೆಯ ಗೂಡ್ಸ್ ಶೆಡ್ಡಿನಲ್ಲಿ ಇಪ್ಪತ್ತೆಂಟು ವರ್ಷ ಹಮಾಲಿ ಮಾಡಿದವರು. ಯೂರಿಯಾ, ಸಿಮೆಂಟು, ಅಕ್ಕಿ, ಏನು ಬಂದರೂ ಡಬ್ಬಿಯಿಂದ ಇಳಿಸಿ ಲಾರಿಗೆ ಏರಿಸುವುದು ಅವರ ಕೆಲಸ. ಇಷ್ಟು ವರ್ಷ ರೈಲಿನ ಪಕ್ಕದಲ್ಲೇ ಬದುಕಿದರೂ ರೈಲು ಹತ್ತಿ ಊರು ಬಿಟ್ಟದ್ದು ನಾಲ್ಕೈದು ಸಲ ಇರಬಹುದು. ಹೋದ ಡಿಸೆಂಬರಿನಲ್ಲಿ ಒಂದು ಸಂಜೆ ಚಹಾ ಕುಡಿಯುತ್ತಾ, "ಈ ಡಬ್ಬಿ ಎಲ್ಲಿಂದ ಬರ್ತವು, ಎಲ್ಲಿಗೆ ಹೋಗ್ತವು ಅಂತ ಒಂದ್ಸಲ ನೋಡ್ಬೇಕವ್ವ" ಅಂದರು. ಮರುದಿನವೇ ದಾರಿ ಹುಡುಕಲು ಕೂತೆ.

ನಕ್ಷೆ ತೆಗೆದು ನೋಡಿದರೆ ನಮ್ಮೂರಿನಿಂದ ಒಂದು ಪೂರ್ತಿ ಸುತ್ತು ಹಾಕಬಹುದು. ದಾವಣಗೆರೆಯಿಂದ ಚಿಕ್ಕಜಾಜೂರು, ಅಲ್ಲಿ ಗಾಡಿ ಬದಲಿಸಿ ಚಿತ್ರದುರ್ಗ, ಚಳ್ಳಕೆರೆ, ರಾಯದುರ್ಗದ ಮೇಲೆ ಬಳ್ಳಾರಿ. ಮುಂದೆ ತೋರಣಗಲ್ಲು, ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ. ಕೊನೆಗೆ ಹಾವೇರಿ, ಹರಿಹರ ದಾಟಿ ಮತ್ತೆ ನಮ್ಮೂರು. ಅದಿರು, ಕಲ್ಲಿದ್ದಲು, ಉಕ್ಕು, ಗೊಬ್ಬರ ಓಡಾಡುವ ದಾರಿಯೂ ಇದೇ. ಮೂರು ದಿನ ಸಾಕು, ನಾಲ್ಕಿದ್ದರೆ ಇನ್ನೂ ಒಳ್ಳೆಯದು.

ಹೋಗುವವರಿಗೆ ಮೊದಲ ಮಾತು: ಸುತ್ತನ್ನು ಚಿತ್ರದುರ್ಗದ ಕಡೆಯಿಂದಲೇ ಶುರು ಮಾಡಿ. ಚಿಕ್ಕಜಾಜೂರು–ಬಳ್ಳಾರಿ ಮಾರ್ಗದಲ್ಲಿ ದಿನಕ್ಕೆ ಬೆರಳೆಣಿಕೆಯ ಪ್ಯಾಸೆಂಜರ್ ಗಾಡಿಗಳು. ಒಂದು ತಪ್ಪಿದರೆ ಅರ್ಧ ದಿನ ಹೋಯಿತು. ಹುಬ್ಬಳ್ಳಿ–ದಾವಣಗೆರೆ ನಡುವೆ ಹಾಗಲ್ಲ, ಒಂದು ಬಿಟ್ಟರೆ ಇನ್ನೊಂದು ಸಿಗುತ್ತದೆ. ಕಷ್ಟದ ದಾರಿ ಮೊದಲ ದಿನವೇ ಮುಗಿದಿದ್ದರೆ ವಾಪಸ್ ಬರುವಾಗ ಗಡಿಯಾರ ನೋಡುವ ಗೋಜಿಲ್ಲ. ಬ್ರಾಂಚ್ ಲೈನಿನ ವೇಳಾಪಟ್ಟಿ ಆಗಾಗ ಬದಲಾಗುವುದರಿಂದ ನಾನಿಲ್ಲಿ ಸಮಯ ಬರೆಯುವುದಿಲ್ಲ. ಹೊರಡುವ ಹಿಂದಿನ ರಾತ್ರಿ ಗಾಡಿಗಳ ಸಮಯ ತೋರಿಸುವ ರೈಲ್ವೆಯ ಎನ್‌ಟಿಇಎಸ್‌ ಆ್ಯಪ್‌ನಲ್ಲಿ ನೋಡಿ, ಇಲ್ಲವೇ 139ಕ್ಕೆ ಫೋನ್ ಮಾಡಿ ಕೇಳಿ. ಜನರಲ್ ಟಿಕೆಟ್ಟಿಗೆ ಕ್ಯೂ ನಿಲ್ಲಬೇಕಿಲ್ಲ, ಮೊಬೈಲಿನಲ್ಲೇ ತೆಗೆದುಕೊಳ್ಳಬಹುದು. ಹೊಸಪೇಟೆ–ಹುಬ್ಬಳ್ಳಿಗೆ ಮಾತ್ರ ರಿಸರ್ವೇಶನ್ ಮಾಡಿಸಿದೆ. ಈಗ 60 ದಿನ ಮೊದಲಿನಿಂದ ಬುಕ್ಕಿಂಗ್ ಸಿಗುತ್ತದೆ. ಹಿರಿಯ ನಾಗರಿಕರಿಗೆ ಇದ್ದ ರಿಯಾಯಿತಿ 2020ರ ಮಾರ್ಚಿನಲ್ಲಿ ನಿಂತದ್ದು ಮತ್ತೆ ಬಂದಿಲ್ಲ, ಅದನ್ನು ನಂಬಿ ಲೆಕ್ಕ ಹಾಕಬೇಡಿ. ಅಪ್ಪನಂಥವರಿಗೆ ಆ ರಿಯಾಯಿತಿ ದೊಡ್ಡದು, ಅದು ಮರಳಿ ಬರಬೇಕು.

ದಾವಣಗೆರೆ ಬಿಟ್ಟರೆ ತೋಳಹುಣಸೆ, ಆಮೇಲೆ ಮಾಯಕೊಂಡ. 1748ರಲ್ಲಿ ಚಿತ್ರದುರ್ಗದ ಮದಕರಿನಾಯಕರೊಬ್ಬರು ಯುದ್ಧದಲ್ಲಿ ಮಡಿದದ್ದು ಇದೇ ಮಾಯಕೊಂಡದಲ್ಲಿ. ಗಾಡಿ ನಿಂತರೂ ನಿಮಿಷದ ಮಾತು. ಚಿಕ್ಕಜಾಜೂರಿಗೆ ಒಂದು ಗಂಟೆಯೂ ಬೇಕಿಲ್ಲ. ಇಲ್ಲಿ ಇಳಿದು ಮೇಲ್ಸೇತುವೆ ಹತ್ತಿ ಗಾಡಿ ಬದಲಿಸಬೇಕು. ವಯಸ್ಸಾದವರು ಜೊತೆಗಿದ್ದರೆ ಎರಡು ಗಾಡಿಗಳ ನಡುವೆ ಒಂದು ಗಂಟೆಯಾದರೂ ಬಿಡುವು ಇಟ್ಟುಕೊಳ್ಳಿ. ಬೆಂಗಳೂರು–ಹುಬ್ಬಳ್ಳಿ ಲೈನು ಒಂದು ಕಡೆ, ಬಳ್ಳಾರಿ ಲೈನು ಇನ್ನೊಂದು ಕಡೆ, ಎರಡೂ ಕೂಡುವ ಜಾಗ ಇದು. ಬಳ್ಳಾರಿ ಕಡೆಯಿಂದ ಬಂದ ಗೂಡ್ಸ್ ಬೀರೂರು, ಅರಸೀಕೆರೆ, ಹಾಸನದ ಮೇಲೆ ಮಂಗಳೂರು ಬಂದರಿಗೆ ಹೋಗಬೇಕಾದರೂ ಇಲ್ಲೇ ತಿರುಗಬೇಕು. ಅಪ್ಪ ಬೆಂಚಿನ ಮೇಲೆ ಕೂತು ಪಕ್ಕದ ಲೈನಿನಲ್ಲಿ ನಿಂತಿದ್ದ ಬಾಗಿಲಿನ ಡಬ್ಬಿಗಳನ್ನು ನೋಡುತ್ತಾ, "ಇವು ನಮ್ಮವು" ಅಂದರು. ಗೊಬ್ಬರ, ಸಿಮೆಂಟು, ಧಾನ್ಯ ಬರುವುದು ಬಾಗಿಲಿರುವ, ಮೇಲೆ ಮುಚ್ಚಿದ ಡಬ್ಬಿಯಲ್ಲಿ. ಒಂದು ಡಬ್ಬಿಗೆ ಸುಮಾರು 60 ಟನ್, ಅಂದರೆ 50 ಕೆ.ಜಿ.ಯ 1,200 ಚೀಲ. ಯೂರಿಯಾ ಚೀಲ 45 ಕೆ.ಜಿ.ಗೆ ಇಳಿದದ್ದು 2018ರಲ್ಲಿ, ಅಷ್ಟರಲ್ಲಿ ಅಪ್ಪನ ಬೆನ್ನು ಬಾಗಿಯಾಗಿತ್ತು. ಗಾಡಿ ಬಂದಮೇಲೆ ಗೊತ್ತಾದ ಅವಧಿಯೊಳಗೆ ಖಾಲಿಯಾಗದಿದ್ದರೆ ಡಬ್ಬಿಗೆ, ಗಂಟೆಗೆ ಇಷ್ಟು ಅಂತ ಡೆಮರೇಜ್, ಅಂದರೆ ತಡ ಮಾಡಿದ್ದಕ್ಕೆ ದಂಡ, ಬೀಳುತ್ತದೆ. ಅದಕ್ಕೇ ಅವರು ಎಷ್ಟೋ ರಾತ್ರಿ ಮನೆಗೆ ಬರುತ್ತಿರಲಿಲ್ಲ ಅನ್ನುವುದು ನನಗೆ ಈ ಬೆಂಚಿನ ಮೇಲೆ ಕೂತಾಗ ಗೊತ್ತಾಯಿತು.

ಚಿಕ್ಕಜಾಜೂರಿನಿಂದ ಚಿತ್ರದುರ್ಗದ ದಾರಿಯಲ್ಲಿ ಗುಡ್ಡಗಳ ಮೇಲಿನ ಗಾಳಿಯಂತ್ರಗಳು ಬಹಳ ಹೊತ್ತು ಜೊತೆಗಿರುತ್ತವೆ. ಕೋಟೆ ನೋಡಬೇಕೆನ್ನುವವರು ಮೊದಲ ರಾತ್ರಿ ದುರ್ಗದಲ್ಲೇ ಉಳಿಯಿರಿ. ಏಳುಸುತ್ತಿನ ಕೋಟೆಯನ್ನು ಎರಡು ಗಾಡಿಗಳ ನಡುವಿನ ಬಿಡುವಿನಲ್ಲಿ ಓಡಿ ನೋಡುವುದು ಬೇಡ. ನಾವು ನೋಡಿದ್ದೇವೆ ಅಂತ ಮುಂದೆ ಹೋದೆವು. ಜಿಲ್ಲಾ ಕೇಂದ್ರದ ಸ್ಟೇಷನ್ ಇದು, ಆದರೂ ಎಷ್ಟೋ ಹೊತ್ತು ಖಾಲಿ ಖಾಲಿ. ಇಲ್ಲಿಂದ ಬೆಂಗಳೂರಿಗೆ ಹೋಗುವವರು ಇಂದಿಗೂ ಹೈವೇ ಹಿಡಿಯುತ್ತಾರೆ, ಯಾಕೆಂದರೆ ರೈಲು ಚಿಕ್ಕಜಾಜೂರು, ಅರಸೀಕೆರೆ ಸುತ್ತಿ ಹೋಗಬೇಕು. ತುಮಕೂರಿನಿಂದ ಶಿರಾ, ಹಿರಿಯೂರು, ಚಿತ್ರದುರ್ಗದ ಮೇಲೆ ದಾವಣಗೆರೆಗೆ ಸುಮಾರು 190 ಕಿ.ಮೀ.ಗಳ ನೇರ ಮಾರ್ಗ ಮಂಜೂರಾದದ್ದು 2011–12ರಲ್ಲಿ. ಆ ವರ್ಷ ಒಂದನೇ ಕ್ಲಾಸಿಗೆ ಸೇರಿದ ಮಕ್ಕಳು ಈಗ ಕಾಲೇಜು ಮೆಟ್ಟಿಲು ಹತ್ತಿದ್ದಾರೆ. ದುರ್ಗದ ಜನ ಇನ್ನಷ್ಟು ಕಾಯುವಂತಾಗಬಾರದು.

ಚಿತ್ರದುರ್ಗ ದಾಟಿದ ಮೇಲೆ ನೆಲದ ಬಣ್ಣವೇ ಬೇರೆ. ಶೇಂಗಾ ಹೊಲ, ಕುರಿ ಮಂದೆ, ಜಾಲಿ, ಒಣ ಹಳ್ಳ. ಚಳ್ಳಕೆರೆ ಶೇಂಗಾ ಎಣ್ಣೆಗೆ ಹೆಸರಾದ ಊರು. ಅಲ್ಲಿ ಗಾಡಿ ಹತ್ತಿದ ಅಜ್ಜಿಯೊಬ್ಬರು ಅಪ್ಪನ ಕೈಗೆ ಒಂದು ಹಿಡಿ ಹುರಿದ ಶೇಂಗಾ ಹಾಕಿ, ಮೊಳಕಾಲ್ಮುರಿಗೆ ಮೊಮ್ಮಗಳ ಮದುವೆ ಸೀರೆ ತರಲು ಹೊರಟಿದ್ದೇನೆ ಅಂದರು.

ಚಳ್ಳಕೆರೆ ದಾಟಿದ ಮೇಲೆ ಒಂದು ಸಣ್ಣ ಸ್ಟೇಷನ್ನಿನಲ್ಲಿ ನಮ್ಮ ಗಾಡಿ ನಿಂತಿತು. ಹತ್ತು ನಿಮಿಷ, ಇಪ್ಪತ್ತು, ಮುಕ್ಕಾಲು ಗಂಟೆ. ಈ ಮಾರ್ಗದಲ್ಲಿ ಹೋಗುವವರು ಇದಕ್ಕೆ ತಯಾರಾಗಿಯೇ ಬರಬೇಕು. ಇದು ಸಿಂಗಲ್ ಲೈನು. ಎದುರಿನಿಂದ ಗೂಡ್ಸ್ ಬರುತ್ತಿದ್ದರೆ ಒಂದು ಗಾಡಿ ಸ್ಟೇಷನ್ನಿನ ಪಕ್ಕದ ಲೈನಿನಲ್ಲಿ ನಿಂತು ದಾರಿ ಬಿಡಲೇಬೇಕು, ಅದಕ್ಕೆ ಕ್ರಾಸಿಂಗ್ ಅನ್ನುತ್ತಾರೆ. ಜನ ಇಳಿದು ಬೇವಿನ ಮರದ ನೆರಳಿಗೆ ಹೋದರು. ನಾವು ರೊಟ್ಟಿ, ಶೇಂಗಾ ಚಟ್ನಿಪುಡಿ ಬಿಚ್ಚಿದೆವು. ಊಟ, ನೀರು ಮನೆಯಿಂದಲೇ ಒಯ್ಯಿರಿ, ಇಲ್ಲಿ ಏನೂ ಸಿಗುವುದಿಲ್ಲ.

ಮೊದಲು ಹಳಿ ಸಣ್ಣಗೆ ಹಾಡಿತು. ಆಮೇಲೆ ಎರಡು ಎಂಜಿನ್, ಅವುಗಳ ಹಿಂದೆ ಮೇಲೆ ತೆರೆದ ಡಬ್ಬಿಗಳ ಸಾಲು. ಅಪ್ಪ ಎದ್ದು ನಿಂತರು. ತುಟಿ ಅಲ್ಲಾಡಿಸುತ್ತಾ ಎಣಿಸಿದರು, ಐವತ್ತೆಂಟು. ಕೊನೆಯಲ್ಲಿ ಬ್ರೇಕ್ ವ್ಯಾನಿನ ಕಟ್ಟೆಯ ಮೇಲೆ ಹಸಿರು ಬಾವುಟ ಹಿಡಿದು ನಿಂತವರಿಗೆ ಅಪ್ಪ ಕೈ ಎತ್ತಿದರು, ಅವರೂ ಎತ್ತಿದರು. ಆ ಹುದ್ದೆಗೆ ಈಗ ಟ್ರೈನ್ ಮ್ಯಾನೇಜರ್ ಅನ್ನುತ್ತಾರೆ, ಅಪ್ಪನಿಗೆ ಮಾತ್ರ ಅವರು ಇನ್ನೂ ಗಾರ್ಡ್ ಸಾಹೇಬರು. ಗಾಡಿ ಹೋದ ಮೇಲೆ ಕಿಟಕಿಯ ಸರಳಿನ ಮೇಲೆ ಕೆಂಪು ಧೂಳು ಕೂತಿತ್ತು. ಅಪ್ಪ ಬೆರಳಿನಿಂದ ಒರೆಸಿ ನೋಡಿ, "ಅದಿರು" ಅಂದರು.

ತೆರೆದ ಡಬ್ಬಿ ಒಂದೊಂದೂ ಸುಮಾರು 10.7 ಮೀಟರ್ ಉದ್ದ. ಐವತ್ತೆಂಟು ಡಬ್ಬಿ, ಎಂಜಿನ್, ಬ್ರೇಕ್ ವ್ಯಾನ್ ಸೇರಿದರೆ 700 ಮೀಟರಿನ ಹತ್ತಿರ. ಇಂಥದ್ದೊಂದು ಗಾಡಿ ಎಲ್ಲೆಂದರಲ್ಲಿ ನಿಂತು ದಾರಿ ಬಿಡಲಾರದು, ಅಷ್ಟುದ್ದದ ಪಕ್ಕದ ಲೈನು, ಅಂದರೆ ಲೂಪ್ ಲೈನ್, ಇರುವ ಸ್ಟೇಷನ್ನೇ ಆಗಬೇಕು. ಬಳ್ಳಾರಿ–ಚಿಕ್ಕಜಾಜೂರು ನಡುವಿನ 185 ಕಿ.ಮೀ. ಜೋಡಿ ಹಳಿಗೆ ಕೇಂದ್ರ ಸಂಪುಟ 2025ರ ಜೂನಿನಲ್ಲಿ ಒಪ್ಪಿಗೆ ಕೊಟ್ಟಿದೆ, ವೆಚ್ಚ 3,342 ಕೋಟಿ ರೂಪಾಯಿ. ಅದು ಮುಗಿದ ಮೇಲೆ ಬೇವಿನ ಮರದ ಕೆಳಗಿನ ಈ ಕಾಯುವಿಕೆ ಇರುವುದಿಲ್ಲ. ಅಲ್ಲಿಯವರೆಗೆ ಮುಂದಿನ ಗಾಡಿಗೆ ಎರಡು ಗಂಟೆಯ ಅಂತರ ಇಟ್ಟುಕೊಳ್ಳಿ. ನಾವು ಒಂದೇ ಗಂಟೆ ಇಟ್ಟುಕೊಂಡಿದ್ದೆವು. ರಾಯದುರ್ಗದಲ್ಲಿ ಆಂಧ್ರದ ನೆಲ ಮುಟ್ಟಿ ಬಳ್ಳಾರಿ ತಲುಪುವಷ್ಟರಲ್ಲಿ ಹೊಸಪೇಟೆ ಗಾಡಿ ಹೋಗಿತ್ತು. ಬಸ್ಸುಗಳು ಬೇಕಾದಷ್ಟಿವೆ, ಗಾಬರಿ ಬೇಡ. ಅಪ್ಪ ರೈಲೇ ಆಗಬೇಕು ಅಂದರು, ಕಾದೆವು.

ಆ ಕಾಯುವಿಕೆಯಲ್ಲಿ ಬಳ್ಳಾರಿಯ ಮೇಲ್ಸೇತುವೆಯಿಂದ ಕಂಡದ್ದನ್ನು ಹೇಳಲೇಬೇಕು. ಕೆಳಗೆ ಎರಡು ಗೂಡ್ಸ್ ನಿಂತಿದ್ದವು. ಒಂದರಲ್ಲಿ ಕಲ್ಲಿದ್ದಲು ಡಬ್ಬಿಯ ಅಂಚಿನವರೆಗೂ ತುಂಬಿತ್ತು, ಇನ್ನೊಂದರಲ್ಲಿ ಅದಿರು ಅರ್ಧಕ್ಕೇ ನಿಂತಿತ್ತು. ಅರ್ಧ ಖಾಲಿ ಯಾಕೆ ಒಯ್ಯುತ್ತಾರೆ ಅಂತ ಕೇಳಿದೆ. "ಖಾಲಿ ಅಲ್ಲವ್ವ, ಅದಿರು ಅಷ್ಟು ಭಾರ. ಅರ್ಧ ಡಬ್ಬಿಗೇ ತೂಕ ಮುಗೀತತಿ. ಸ್ಪ್ರಿಂಗ್ ನೋಡು, ಎರಡೂ ಒಂದೇ ಸಮ ಕುಂತಾವ" ಅಂದರು. ಡಬ್ಬಿಯ ಮೇಲಿನ ಹನ್ನೊಂದು ಅಂಕಿಗಳನ್ನು ಓದುವುದನ್ನು ನಾನು ಅವರಿಗೆ ಹೇಳಿಕೊಟ್ಟೆ. ಮೊದಲ ಎರಡು ಡಬ್ಬಿಯ ಜಾತಿ, ಮುಂದಿನ ಎರಡು ಯಾವ ರೈಲ್ವೆಯದು, ಐದು ಮತ್ತು ಆರನೆಯವು ತಯಾರಾದ ವರ್ಷ. ಆಮೇಲಿನ ನಾಲ್ಕು ಕ್ರಮಸಂಖ್ಯೆ, ಕೊನೆಯದು ತಾಳೆ ನೋಡುವ ಅಂಕಿ. ಅಲ್ಲಿಂದ ಮುಂದೆ ಅಪ್ಪ ಪ್ರತಿ ಡಬ್ಬಿಯ ವಯಸ್ಸು ಹೇಳತೊಡಗಿದರು. ಮಕ್ಕಳನ್ನು ಕರೆದೊಯ್ಯುವವರು ಇದನ್ನು ಹೇಳಿಕೊಡಿ, ಕಾಯುವ ಹೊತ್ತು ಹೇಗೆ ಹೋಯಿತೆಂದೇ ಗೊತ್ತಾಗುವುದಿಲ್ಲ.

ನೋಡುವುದು ಮಾತ್ರ ಪ್ಲಾಟ್‌ಫಾರ್ಮ್ ಮೇಲಿನಿಂದ, ಸೇತುವೆಯಿಂದ. ನಿಂತ ಗೂಡ್ಸ್ ಯಾವ ಗಳಿಗೆಯಲ್ಲಾದರೂ ಎಳೆಯಬಹುದು. ಅದರ ಕೆಳಗೆ ನುಸುಳಿ ದಾಟುವುದನ್ನು ಕನಸಿನಲ್ಲೂ ಮಾಡಬೇಡಿ. ಮೇಲಿನ ತಂತಿಯಲ್ಲಿ 25,000 ವೋಲ್ಟ್ ಇರುತ್ತದೆ, ಫೋಟೋಕ್ಕಾಗಿ ಡಬ್ಬಿ ಹತ್ತಿದರೆ ಮುಟ್ಟುವುದೂ ಬೇಕಿಲ್ಲ, ಹತ್ತಿರ ಹೋದರೇ ಸುಟ್ಟುಬಿಡುತ್ತದೆ. ಹಳಿ ದಾಟುವುದು ಅಪರಾಧವೂ ಹೌದು: ಆರು ತಿಂಗಳವರೆಗೆ ಜೈಲು, ಸಾವಿರ ರೂಪಾಯಿವರೆಗೆ ದಂಡ.

ಬಳ್ಳಾರಿ–ಹೊಸಪೇಟೆ ನಡುವೆ ತೋರಣಗಲ್ಲು ಬಂದಾಗ ಕತ್ತಲಾಗಿತ್ತು. ಉಕ್ಕಿನ ಕಾರ್ಖಾನೆಯ ದೀಪ, ಹೊಗೆ, ಸಾಲು ಸಾಲು ಹಳಿ. ಸಂಡೂರಿನ ಕಡೆಯಿಂದ ಅದಿರು, ದೂರದ ಬಂದರುಗಳಿಂದ ಕಲ್ಲಿದ್ದಲು ಇಲ್ಲಿಗೆ ಬರುತ್ತದೆ, ಉಕ್ಕಿನ ಸುರುಳಿಗಳು ಇಲ್ಲಿಂದ ಹೊರಡುತ್ತವೆ. 2011ರಲ್ಲಿ ಸುಪ್ರೀಂ ಕೋರ್ಟ್ ಮೊದಲು ಬಳ್ಳಾರಿಯಲ್ಲಿ, ಆಮೇಲೆ ಚಿತ್ರದುರ್ಗ, ತುಮಕೂರಿನಲ್ಲಿ ಗಣಿಗಾರಿಕೆ ನಿಲ್ಲಿಸಿದಾಗ ನಮ್ಮೂರಿನ ಗೇಟಿನಲ್ಲಿ ಕೆಂಪು ಡಬ್ಬಿಗಳು ಕಾಣುವುದೇ ಅಪರೂಪವಾಗಿದ್ದು ನನಗೆ ನೆನಪಿದೆ. ಹಗಲಿನಲ್ಲಿ ಈ ಭಾಗ ನೋಡಬೇಕೆಂದರೆ ಬಳ್ಳಾರಿಯಲ್ಲೇ ಉಳಿದು ಬೆಳಿಗ್ಗೆ ಹೊರಡಿ. ನಾನು ಇನ್ನೊಮ್ಮೆ ಹೋದರೆ ಹಾಗೇ ಮಾಡುತ್ತೇನೆ.

ಎರಡನೇ ದಿನ ಹೊಸಪೇಟೆಯಿಂದ ಹೊರಡುವಾಗ ಎಡಗಡೆಯ ಕಿಟಕಿ ಹಿಡಿಯಿರಿ. ಮುನಿರಾಬಾದಿಗೆ ಮೊದಲು ತುಂಗಭದ್ರೆ ದಾಟುವಾಗ ಅಣೆಕಟ್ಟು ಆ ಕಡೆಗಿದೆ. ಗೋವಾದ ಮುರಗಾಂವ್ ಬಂದರಿನಿಂದ ಘಾಟಿ ಹತ್ತಿ ಬರುವ ಕಲ್ಲಿದ್ದಲು ತೋರಣಗಲ್ಲಿಗೆ ಬರುವುದು ಇದೇ ಹಳಿಯ ಮೇಲೆ, ನಮ್ಮ ಎದುರಿನಿಂದ. ಆದರೆ ಗದಗದವರೆಗೆ ಜೋಡಿ ಹಳಿ, ನಿನ್ನೆಯ ಹಾಗೆ ನಿಲ್ಲುವ ಪ್ರಸಂಗ ಬರಲಿಲ್ಲ. ಬಿಡುವಿಲ್ಲದವರು ಹೊಸಪೇಟೆಯಿಂದ ಕೊಟ್ಟೂರಿನ ಮೇಲೆ ನೇರವಾಗಿ ಹರಿಹರಕ್ಕೆ ಬಂದು ಸುತ್ತನ್ನು ಸಣ್ಣದು ಮಾಡಿಕೊಳ್ಳಬಹುದು. ಅಲ್ಲಿಯೂ ಗಾಡಿಗಳು ಕಡಿಮೆ, ಮೊದಲೇ ವಿಚಾರಿಸಿ.

ಹುಬ್ಬಳ್ಳಿಯಲ್ಲಿ ಒಂದು ರಾತ್ರಿ ಉಳಿಯಿರಿ. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಇಲ್ಲಿದೆ, 2003ರಿಂದ. ಗದಗ ರಸ್ತೆ ಕಡೆಯ ರೈಲು ಮ್ಯೂಸಿಯಂನಲ್ಲಿ ಹಳೆಯ ಮೀಟರ್‌ಗೇಜ್ ಕಾಲದ ಸಾಮಾನುಗಳಿವೆ, ರಜಾ ದಿನ ಯಾವುದೆಂದು ಕೇಳಿಕೊಂಡು ಹೋಗಿ. ಅಪ್ಪನಿಗೆ ಅದಕ್ಕಿಂತ ಹಿಡಿಸಿದ್ದು ಎಂಟನೇ ಪ್ಲಾಟ್‌ಫಾರ್ಮ್. 1,507 ಮೀಟರ್, ಜಗತ್ತಿನಲ್ಲೇ ಉದ್ದದ್ದು, 2023ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು. ತುದಿಯಿಂದ ತುದಿಗೆ ನಡೆದೇ ನೋಡಬೇಕು ಅಂದರು. ಮಂಡಿನೋವಿದ್ದರೂ ನಡೆದರು, ಎರಡು ಕಡೆ ಕೂತರು. "ನಿನ್ನೆ ನೋಡಿದಂಥ ಗೂಡ್ಸ್ ಎರಡು ಇದರ ಮ್ಯಾಲೆ ಒಂದರ ಹಿಂದೊಂದು ನಿಲ್ತವು" ಅಂತ ತಾವೇ ಲೆಕ್ಕ ಹಾಕಿದರು. ನಿಮ್ಮ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ, ಡಬ್ಬಿ ಎಲ್ಲಿ ನಿಲ್ಲುತ್ತದೆ ಅಂತ ಮೊದಲೇ ನೋಡಿಕೊಳ್ಳಿ, ಇಲ್ಲಿ ತಪ್ಪು ತುದಿಯಲ್ಲಿ ನಿಂತರೆ ಓಡಿದರೂ ಸಿಗುವುದಿಲ್ಲ.

ಮೂರನೇ ದಿನದ ದಾರಿ ಸುಲಭ. ಹುಬ್ಬಳ್ಳಿ–ದಾವಣಗೆರೆ ಸುಮಾರು 143 ಕಿ.ಮೀ., ಜೋಡಿ ಹಳಿ, ಗಾಡಿ ನಿಲ್ಲದೆ ಓಡುತ್ತದೆ. ಅವಸರವಿರುವವರಿಗೆ 2023ರ ಜೂನಿನಿಂದ ವಂದೇ ಭಾರತ್ ಇದೆ. ನಾವು ಎಲ್ಲ ಕಡೆ ನಿಲ್ಲುವ ಗಾಡಿಯಲ್ಲೇ ಬಂದೆವು, ಬ್ಯಾಡಗಿಯಲ್ಲಿ ಮೆಣಸಿನಕಾಯಿ ಘಾಟು ಕಿಟಕಿಯಿಂದ ಒಳಗೆ ಬಂದು ಇಡೀ ಡಬ್ಬಿ ಸೀನಿತು. ಹರಿಹರದ ಸೇತುವೆ ಮೇಲೆ ಅಪ್ಪ ಹೊಳೆಗೆ ಕೈಮುಗಿದರು. ಒಂದು ಕಾಲಕ್ಕೆ ಮೈಸೂರು ಸೀಮೆ ಮುಗಿದು ಮುಂಬೈ ಸೀಮೆ ಶುರುವಾಗುತ್ತಿದ್ದದ್ದು ಈ ಹೊಳೆಯಲ್ಲೇ.

ದಾವಣಗೆರೆಯಲ್ಲಿ ಇಳಿದಾಗ ಸಂಜೆ. ಮನೆಗೆ ಹೋಗೋಣ ಅಂದರೆ ಅಪ್ಪ ಹೊರಗೆ ಲಾರಿಯಲ್ಲಿ ಪೇರಿಸಿದ್ದ ಯೂರಿಯಾ ಚೀಲಗಳ ಹತ್ತಿರ ನಿಂತರು. ಕೊಕ್ಕೆ ಬಳಸಬೇಡಿ ಅಂತ ಚೀಲದ ಮೇಲೆ ಅಚ್ಚಾಗಿರುತ್ತದಲ್ಲ, ಅದರ ಕೆಳಗಿದ್ದ ಊರಿನ ಹೆಸರಿನ ಮೇಲೆ ಬೆರಳಿಟ್ಟು, "ಇದೊಂದು ಉಳೀತು ನೋಡು" ಅಂದರು. ಮಂಗಳೂರಿನ ಪಣಂಬೂರು. ಹಾಸನದ ಮೇಲೆ ಹೋಗಬೇಕು, ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ 55 ಕಿ.ಮೀ. ಘಾಟಿ, 57 ಸುರಂಗ. ಮಳೆಗಾಲ ಮುಗಿದ ಮೇಲೆ, ಹಗಲಿನಲ್ಲಿ ಘಾಟಿ ಇಳಿಯುವ ಗಾಡಿಗೆ ಟಿಕೆಟ್ ತೆಗೆಯುತ್ತೇನೆ.