ಮರದ ಬದನೆಕಾಯಿ

ಇಂಟೀರಿಯರ್ ಮಾಡುವ ಹುಡುಗ ಕೊಟ್ಟ ಫಾರ್ಮಿನಲ್ಲಿ ಮೂರನೇ ಪ್ರಶ್ನೆಯೇ ಅದು: ‘ನಿಮ್ಮ ಪರ್ಸನಾಲಿಟಿಯನ್ನು ಮೂರು ಪದಗಳಲ್ಲಿ ಬರೆಯಿರಿ.’ ನಾನು ಪೆನ್ನಿನ ತುದಿ ಕಚ್ಚುತ್ತಾ ಕೂತೆ. ಬೀಜ, ಗೊಬ್ಬರದ ಅಂಗಡಿ ಇಟ್ಟವನು ನಾನು. ಉದ್ರಿ ಕೊಡೋದು, ಉದ್ರಿ ವಸೂಲಿ ಮಾಡೋದು, ನಡುವೆ ಹೊರಗೆ ಬಂದು ಮಳೆ ಬರುತ್ತಾ ಅಂತ ಆಕಾಶ ನೋಡೋದು. ಇದರಲ್ಲಿ ಪರ್ಸನಾಲಿಟಿ ಎಲ್ಲಿಂದ ತರಲಿ? ಹೆಂಡತಿ ಕಡೆ ನೋಡಿದೆ. ‘ಸಿಂಪಲ್ ಅಂತ ಬರೀರಿ’ ಅಂದಳು. ಬರೆದೆ. ಎರಡನೆಯದಕ್ಕೆ ‘ನೀಟ್’. ಮೂರನೆಯದು ಹೊಳೆಯಲಿಲ್ಲ, ಖಾಲಿ ಬಿಟ್ಟೆ. ಅದರ ಕೆಳಗೆ ‘ಕುಟುಂಬದ ಹಿನ್ನೆಲೆ’ ಅಂತಿತ್ತು. ಅಲ್ಲಿ ಏನೂ ಯೋಚಿಸದೆ ‘ಬಿಸಿನೆಸ್’ ಅಂತ ಬರೆದೆ.

ಹುಡುಗ ಓದಿ ಖುಷಿಯಾದ. ‘ಸರ್, ನೀವು ಮಿನಿಮಲಿಸ್ಟ್’ ಅಂದ. ಯಾವುದೋ ಕಾಯಿಲೆಯ ಹೆಸರು ಹೇಳಿದ ಹಾಗಿತ್ತು.

ಹುಬ್ಬಳ್ಳಿಯಿಂದ ಬರುತ್ತಿದ್ದ ಆ ಹುಡುಗನದು ಹೆಚ್ಚೇನೂ ತಪ್ಪಿಲ್ಲ, ಮೊದಲೇ ಹೇಳಿಬಿಡ್ತೀನಿ. ಹೇಳಿದ ದಿನಕ್ಕೆ ಕೆಲಸ ಮುಗಿಸಿದ. ನಾವು ಕೇಳಿದ್ದನ್ನೇ ಕೊಟ್ಟ. ಕೇಳಿದ್ದು ಏನು ಅಂತ ನಮಗೇ ಗೊತ್ತಿರಲಿಲ್ಲ, ಅಷ್ಟೆ.

ಕೊಪ್ಪಳ 1997ರಲ್ಲಿ ಜಿಲ್ಲೆಯಾದ ಮೇಲೆ ಊರು ನಾಲ್ಕೂ ಕಡೆ ಕಾಲು ಚಾಚಿದೆ. ನಾನು ಹುಡುಗನಾಗಿದ್ದಾಗ ಜೋಳದ ಹೊಲ ಇದ್ದಲ್ಲಿ ಈಗ ಲೇಔಟ್, ಲೇಔಟಿನಲ್ಲಿ ನಮ್ಮದೂ ಒಂದು ಮನೆ. ದೀಪಾವಳಿ ಮುಗಿದ ಮೇಲೆ ಗೃಹಪ್ರವೇಶ ಮಾಡಿ ಹಳೇ ಓಣಿಯಿಂದ ಇಲ್ಲಿಗೆ ಬಂದೆವು.

ಹಳೇದು ಮಾಳಿಗೆ ಮನೆ. ಅದನ್ನು ಯಾರೂ ಅಲಂಕಾರ ಮಾಡಿರಲಿಲ್ಲ. ಬಂದ ವಸ್ತು ಬಂದಲ್ಲೇ ನಿಂತುಬಿಟ್ಟಿತ್ತು. ಪಡಸಾಲೆಯಲ್ಲಿ ಅಪ್ಪನ ಫೋಟೋ, ಸ್ವಲ್ಪ ಮುಂದಕ್ಕೆ ಬಾಗಿಸಿ ಕಟ್ಟಿದ್ದು. ಊಟಕ್ಕೆ ಕೂತವರ ತಟ್ಟೆ ನೋಡೋ ಹಾಗೆ. ಅದರ ಪಕ್ಕ ಅತ್ತಿಗೆ ಮಣಿ ಪೋಣಿಸಿ ಮಾಡಿದ ‘ಸುಸ್ವಾಗತ’. ಅದರಲ್ಲಿ ‘ಸು’ ಯಾವತ್ತೋ ಉದುರಿ ಬರೀ ‘ಸ್ವಾಗತ’ ಉಳಿದಿತ್ತು. ಗೋಡೆಯ ನಾಗೊಂದಿಗಿ ಹಲಗೆ ಮೇಲೆ ಹಿತ್ತಾಳೆ ಕೊಡ, ಸ್ಟೀಲ್ ಡಬ್ಬಿ, ಹೆಸರು ಕೊರೆಸಿದ ಮಗ್ಗಲು ಎದುರಿಗೆ. ಇನ್ನು ಕ್ಯಾಲೆಂಡರ್. ಬೀಜದ ಕಂಪನಿಗಳು ವರ್ಷಕ್ಕೆ ಏಳೆಂಟು ಕೊಡುತ್ತವೆ. ಒಂದರಲ್ಲಿ ಹಾಲಿನ ಲೆಕ್ಕ, ಒಂದರಲ್ಲಿ ಗ್ಯಾಸ್ ಬಂದ ತಾರೀಖು. ಇನ್ನೊಂದರಲ್ಲಿ ತೆಂಗಿನಕಾಯಿ ಗಾತ್ರದ ಟೊಮೆಟೊ. ಯಾರೇ ಒಳಗೆ ಬಂದರೂ ಐದು ನಿಮಿಷದಲ್ಲಿ ನಮ್ಮ ಜಾತಕ ಹೇಳಬಹುದಿತ್ತು.

ಹೊಸ ಮನೆಯಲ್ಲಿ ಬಿಳಿ ಗೋಡೆ, ಟೀವಿ ಹಿಂದೆ ಮಾತ್ರ ಬೂದಿ ಬಣ್ಣ. ಬೆಳ್ಳನೆ ಸೋಫಾ. ಫಾಲ್ಸ್ ಸೀಲಿಂಗಿನಲ್ಲಿ ಹನ್ನೆರಡು ಲೈಟು. ಅಪ್ಪನ ಫೋಟೋ ಅವ್ವನ ಕೋಣೆಗೆ ಹೋಯಿತು. ಹಾಲ್‌ನಲ್ಲಿ ಅದು ‘ಲುಕ್ ಕೆಡಿಸುತ್ತೆ ಸರ್’ ಅಂದಿದ್ದ ಹುಡುಗ. ನಾನೂ ಹೂಂ ಅಂದೆ. ಆ ಹೂಂ ಈಗಲೂ ಚುಚ್ಚುತ್ತೆ.

ಹೆಂಡತಿಯ ಮಾತೂ ಹೇಳಬೇಕು. ಅವಳು ಹುಟ್ಟಿದ್ದು ಹದಿನಾಲ್ಕು ಜನ ಇದ್ದ ಕೂಡು ಕುಟುಂಬದಲ್ಲಿ. ಮೊಳೆ ಇಲ್ಲದ ಗೋಡೆಯನ್ನೇ ಅವಳು ನೋಡಿರಲಿಲ್ಲವಂತೆ. ಪ್ರತಿ ಮೊಳೆಗೂ ಯಾರದೋ ಚೀಲ, ಯಾರದೋ ಅಂಗಿ. ‘ಖಾಲಿ ಗೋಡಿ ನೋಡಿದ್ರ ನನಗ ಉಸಿರು ಬಂದಂಗ ಆಗತೈತಿ’ ಅಂದಳು ಒಮ್ಮೆ. ನಾನು ಖಾಲಿ ಅಂದುಕೊಂಡಿದ್ದು ಅವಳಿಗೆ ತುಂಬಿದ್ದು. ಮನೆ ಅದರಲ್ಲಿರುವವರ ಹಾಗೇ ಇರಬೇಕು ಅನ್ನೋ ಮಾತು ಕೇಳೋಕೆ ಚೆಂದ. ಯಾರ ಹಾಗೆ ಅಂತ ಕೇಳಿದರೆ ಮಾತ್ರ ಫಜೀತಿ. ನಾವು ಇರೋದೇ ನಾಲ್ಕು ಜನ, ನಾಲ್ಕು ದಿಕ್ಕು.

ಮೊದಲು ಕೈ ಕೊಟ್ಟದ್ದು ಸೋಫಾ. ಕೊಪ್ಪಳದ ಈ ಕಡೆ ಇರುವವರಿಗೆ ಕಾರ್ಖಾನೆಗಳ ಕಪ್ಪು ದೂಳು ಗೊತ್ತು. ಬೆಳಿಗ್ಗೆ ಒರೆಸಿದರೆ ಮಧ್ಯಾಹ್ನಕ್ಕೆ ಮತ್ತೆ ಕಾಡಿಗೆ. ಸಂಕ್ರಾಂತಿ ಹೊತ್ತಿಗೆ ಸೋಫಾ ಗೋಡೆಯ ಬೂದಿ ಬಣ್ಣಕ್ಕೇ ಬಂದಿತ್ತು. ಒಂದು ರೀತಿಯಲ್ಲಿ ಮ್ಯಾಚಿಂಗ್. ಹೆಂಡತಿ ಒಂದು ವಾರ ತಿಕ್ಕಿದಳು, ಕೊನೆಗೆ ಮೇಲೊಂದು ಹಳೇ ಬೆಡ್‌ಶೀಟ್ ಹೊದಿಸಿದಳು. ಅದೂ ಸಾಲದಾಗಿ ಅವ್ವ ತನ್ನ ಕೌದಿ ತಂದು ಹಾಸಿದಳು. ಬಿಳಿ ಸೋಫಾ ಈಗ ಅಡಿಯಲ್ಲಿ ಎಲ್ಲೋ ಇದೆ. ಹುಬ್ಬಳ್ಳಿಯ ಶೋರೂಮಿನಲ್ಲಿ ಕೂತು ಬಣ್ಣ ಆರಿಸಿದವರು ನಾವೇ ತಾನೇ, ಯಾರಿಗೆ ಹೇಳೋಣ?

ಆಮೇಲೆ ಬುದ್ಧ. ಟೀವಿ ಕೆಳಗಿನ ಕಟ್ಟೆ ಮೇಲೆ ಫೈಬರಿನ ಬುದ್ಧನ ತಲೆ ಇಟ್ಟಿದ್ದ ಹುಡುಗ. ಶಾಂತಿ ಬರುತ್ತೆ ಅಂತ. ಅವ್ವ ಮೊದಲ ದಿನವೇ ನೋಡಿ, ‘ಬರೇ ರುಂಡ ಯಾಕ ಇಟ್ಟಾರೋ? ಉಳಿದದ್ದೆಲ್ಲಿ?’ ಅಂದಳು. ಉತ್ತರ ನನ್ನ ಹತ್ತಿರ ಇರಲಿಲ್ಲ. ಬುದ್ಧ ನಮ್ಮೂರಿಗೆ ಹೊಸಬನೇನಲ್ಲ. ಗವಿಮಠದ ಗುಡ್ಡದಲ್ಲೊಂದು, ಪಾಲ್ಕಿಗುಂಡಿನಲ್ಲೊಂದು, ಅಶೋಕನ ಎರಡು ಶಾಸನ ಇರೋ ಊರು ಇದು. ಬುದ್ಧನನ್ನು ನಂಬಿದ ರಾಜನ ಮಾತು ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಬಂದು ನಮ್ಮ ಬಂಡೆ ಮೇಲೆ ಕೂತಿದೆ. ನಾನು ಮಾತ್ರ ಬುದ್ಧನನ್ನು ಹುಬ್ಬಳ್ಳಿಯಿಂದ ತರಿಸಿದ್ದೆ, ಅದೂ ಕುತ್ತಿಗೆವರೆಗೆ.

ಗವಿಸಿದ್ಧೇಶ್ವರ ಜಾತ್ರೆಗೆ ಬಂದ ನೆಂಟರ ಹುಡುಗರು ಹಾಲ್‌ನಲ್ಲಿ ಕ್ರಿಕೆಟ್ ಆಡಿ ಆ ತಲೆಯನ್ನು ಎರಡು ಮಾಡಿದರು. ಯಾರೂ ಬೈಯಲಿಲ್ಲ. ಕಟ್ಟೆ ಖಾಲಿಯಾಯಿತು. ಹೆಂಡತಿ ಹುಡುಗನಿಗೆ ಫೋನ್ ಮಾಡಿದಳು. ‘ಮೇಡಂ, ಏನಾದರೂ ಲೋಕಲ್ ಇಡಿ, ನಿಮ್ಮ ಐಡೆಂಟಿಟಿ ಕಾಣಬೇಕು’ ಅಂದನಂತೆ. ಲೋಕಲ್ ಅಂದರೆ ನಮಗೆ ಕಿನ್ನಾಳ, ಮರದ ಗೊಂಬೆ ಮಾಡೋ ಊರು. ಹದಿಮೂರು ಕಿಲೋಮೀಟರ್ ಅಷ್ಟೆ. ನಲವತ್ತೈದು ವರ್ಷದಲ್ಲಿ ನಾನು ಅಲ್ಲಿಗೆ ಹೋಗಿದ್ದು ಉದ್ರಿ ಕೇಳೋಕೆ ಮಾತ್ರ.

ಭಾನುವಾರ ಬೆಳಿಗ್ಗೆ ನಾಲ್ವರೂ ಹೊರಟೆವು. ಅವ್ವ ಬರ್ತೀನಿ ಅಂತ ಹೊಸ ಸೀರೆ ಉಟ್ಟು ಮೊದಲೇ ಕಾರಿನಲ್ಲಿ ಕೂತಿದ್ದಳು. ಹೊಲಗಳಲ್ಲಿ ಕಡಲೆ ಕಿತ್ತು ಒಟ್ಟಿದ್ದರು. ಒಂಬತ್ತಕ್ಕೇ ಬಿಸಿಲು ಚುರುಕು.

ವಿಚಾರಿಸುತ್ತಾ ಹೋದಾಗ ಸಿಕ್ಕಿದ್ದು ಒಬ್ಬ ವಯಸ್ಸಾದ ಚಿತ್ರಗಾರರ ಮನೆ. ಒಳಗೆ ಕಾಲಿಟ್ಟ ಕೂಡಲೇ ಕಟ್ಟಿಗೆ ಪುಡಿ, ಅಂಟು, ಬಣ್ಣ ಮೂರೂ ಸೇರಿದ ವಾಸನೆ. ಕಿಟಕಿ ಹತ್ತಿರ ಚಾಪೆ ಮೇಲೆ ಕೂತು ಒಂದು ಗರುಡನ ರೆಕ್ಕೆ ಜೋಡಿಸುತ್ತಿದ್ದರು. ಗರುಡ ಒಂದೇ ಮರದ ತುಂಡಲ್ಲ, ಹನ್ನೆರಡು ತುಂಡು ಕೂಡಿಸಿದ್ದು ಅಂದರು. ಹಗುರ ಮರ ತರೋದು, ಕೆತ್ತೋದು. ಗೋಣಿಯ ಚೂರು ನೆನೆಸಿ, ಒಣಗಿಸಿ, ಪುಡಿ ಮಾಡಿ, ಕಟ್ಟಿಗೆ ಪುಡಿ ಮತ್ತು ಹುಣಸೆ ಬೀಜದ ಅಂಟಿನಲ್ಲಿ ಕಲಸಿದರೆ ಅದಕ್ಕೆ ಕಿಟ್ಟ ಅಂತಾರೆ. ತುಂಡುಗಳನ್ನು ಹಿಡಿದಿಡೋದು ಅದೇ. ಆಮೇಲೆ ಕಲ್ಲಿನ ಪುಡಿಯ ಬಿಳಿ ಲೇಪ, ಅದರ ಮೇಲೆ ಬಣ್ಣ. ಕೆಂಪು ಅಂದರೆ ಕೆಂಪು, ಹಸಿರು ಅಂದರೆ ಹಸಿರು. ನಡುವಿನ ಬಣ್ಣಗಳ ಗೋಜೇ ಇಲ್ಲ. ಈ ಗೊಂಬೆಗಳಿಗೆ ಈಗ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ಅನ್ನೋ ಸರ್ಕಾರಿ ಗುರುತು, ಸಿಕ್ಕಿದೆ. ಹಂಪಿಯ ವಿರೂಪಾಕ್ಷ ಗುಡಿಯ ರಂಗಮಂಟಪದ ಸೂರಿನಲ್ಲಿ ಚಿತ್ರ ಬರೆದವರು ನಮ್ಮ ಹಿರಿಯರೇ ಅಂತ ಈ ಮನೆತನದವರು ಹೇಳ್ತಾರೆ. ಆ ಸೂರಿನ ಕೆಳಗೆ ನಾನು ಇಪ್ಪತ್ತು ಸಲವಾದರೂ ನಿಂತಿದ್ದೇನೆ. ಪ್ರತಿ ಸಲವೂ ಚಪ್ಪಲಿ ಎಲ್ಲಿ ಬಿಟ್ಟೆ ಅನ್ನೋ ಯೋಚನೆಯಲ್ಲಿ.

‘ಏನು ಬೇಕ್ರಿ?’ ಅಂದರು.

‘ಗೋಡೆಗೆ ಒಪ್ಪುವಂಥದ್ದು’ ಅಂದೆ. ಫಾರ್ಮ್ ಕೊಡ್ತಾರೇನೋ ಅನ್ನಿಸಿತು. ಅವರು ರೆಕ್ಕೆ ಕೆಳಗಿಟ್ಟರು.

‘ಎಲ್ಲಿ ಇಡೋರು?’

‘ಟೀವಿ ಕೆಳಗ.’

‘ಬಿಸಲು ಬೀಳತೈತೇನ್ರಿ ಅಲ್ಲಿ?’

ನಾನು ಹೆಂಡತಿ ಮುಖ ನೋಡಿದೆ, ಅವಳು ನನ್ನದು ನೋಡಿದಳು. ಮೂರು ತಿಂಗಳು ಆ ಮನೆಯಲ್ಲಿದ್ದರೂ ಗೊತ್ತಿಲ್ಲ. ಮಗಳು ಹೇಳಿದಳು: ‘ಸಂಜೀಮುಂದ ಬೀಳತೈತ್ರಿ. ನಮ್ಮಜ್ಜಿ ಅಲ್ಲೇ ಕೆಳಗ ಕುಂದರತಾಳ.’

‘ಸೋಫಾ ಇಲ್ಲೇನು?’

‘ಐತ್ರಿ. ಅಕಿ ಅದರ ಮ್ಯಾಲ ಕುಂದ್ರಂಗಿಲ್ಲ.’

‘ದಿನಾ ದೂಳು ಒರಸೋರು ಯಾರು? ಹಸಿ ಅರಿವಿ ಮುಟ್ಟಸಬಾರದು ನೋಡ್ರಿ. ನೀರು ಆಗಂಗಿಲ್ಲ ಇದಕ್ಕ. ಸಣ್ಣ ಹುಡುಗ್ರು ಬರತಾವೇನು ಮನೀಗೆ?’

ಹೀಗೇ ಕೇಳುತ್ತಾ ಹೋದರು. ಒಂದೊಂದಕ್ಕೂ ಉತ್ತರ ಕೊಟ್ಟವಳು ಮಗಳು. ಅಪ್ಪ ಬರೋದು ರಾತ್ರಿ ಒಂಬತ್ತಕ್ಕೆ, ಅಮ್ಮ ಅಡುಗೆ ಮನೆಯ ಕಟ್ಟೆ ಮೇಲೇ ಊಟ ಮುಗಿಸೋದು, ಹಾಲ್‌ನಲ್ಲಿ ದಿನವಿಡೀ ಇರೋದು ಅಜ್ಜಿ ಒಬ್ಬಳೇ. ಆರೂವರೆ ಲಕ್ಷ ಕೊಟ್ಟು ಮಾಡಿಸಿದ ಹಾಲ್ ಯಾರದು ಅಂತ ನನಗೆ ತಿಳಿದಿದ್ದು ಆಗ.

ಹೆಂಡತಿ ಗರುಡನನ್ನು ತಿರುಗಿಸಿ ತಿರುಗಿಸಿ ನೋಡಿದಳು. ‘ಇದನ್ನ ಸ್ವಲ್ಪ ಬೂದಿ ಬಣ್ಣದಾಗ ಮಾಡಿಕೊಡಾಕ ಆಗತೈತೇನ್ರಿ? ಗೋಡಿಗೆ ಹೊಂದೂವಂಗ?’

ಅವರು ಸಿಟ್ಟಾಗಲಿಲ್ಲ. ‘ಮಾಡಿಕೊಡ್ತೀನ್ರಿ ತಂಗಿ. ಆದ್ರ ಅದು ಗರುಡ ಆಗಂಗಿಲ್ಲ, ಹದ್ದು ಆಕ್ಕೈತಿ.’

ಎಲ್ಲರಿಗಿಂತ ಜೋರಾಗಿ ನಕ್ಕಿದ್ದು ಅವಳೇ.

ಇಷ್ಟು ಹೊತ್ತಿಗೆ ನಾನು ಅವರ ಗೋಡೆ ನೋಡುತ್ತಿದ್ದೆ. ಒಂದು ಕ್ಯಾಲೆಂಡರ್, ಒಂದು ಗಡಿಯಾರ, ಕರೆಂಟ್ ಬಿಲ್ ಚುಚ್ಚಿದ ತಂತಿ. ಊರೆಲ್ಲ ಮನೆ ಅಲಂಕಾರಕ್ಕೆ ಬರೋ ಜಾಗದಲ್ಲಿ ಅಲಂಕಾರದ ಸುಳಿವೇ ಇಲ್ಲ. ಕೇಳಿಯೇಬಿಟ್ಟೆ. ‘ಇಟ್ಟದ್ದೆಲ್ಲ ಯಾರಾರ ಬಂದು ಒಯ್ತಾರ್ರಿ’ ಅಂದರು. ನಾಗೊಂದಿಗಿ ಮೇಲೆ ಮಾತ್ರ ಬಣ್ಣ ಹಚ್ಚದ ಒಂದು ಕುದುರೆ, ಗೋಡೆಗೆ ಆತು ನಿಂತಿತ್ತು. ಮೂರೇ ಕಾಲು. ಅವರ ಮಗ ಚಿಕ್ಕವನಿದ್ದಾಗ ಮೊದಲ ಸಲ ಕೆತ್ತಿದ್ದಂತೆ. ‘ಮಾರಾಕ ಬರಂಗಿಲ್ಲ. ಅದಕ್ಕ ಉಳದೈತಿ.’

ಅವ್ವ ಎಲ್ಲಿ ಅಂತ ನೋಡಿದರೆ ಮೂಲೆಯಲ್ಲಿ ಒಂದು ಬುಟ್ಟಿ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದಾಳೆ. ಮರದ ಹಣ್ಣು, ಮರದ ಕಾಯಿಪಲ್ಲೆ. ಒಂದು ಬದನೆಕಾಯಿ ಎತ್ತಿ ಅಂಗೈಯಲ್ಲಿ ತೂಗಿ ನೋಡಿದಳು. ‘ತೂಕ ಇಲ್ಲ’ ಅಂದಳು ತನಗೆ ತಾನೇ. ಹೆಬ್ಬೆರಳಿನಿಂದ ತೊಟ್ಟಿನ ಕೆಳಗೆ ಒತ್ತಿದಳು. ಎಳೆಯದಾ ಬಲಿತದ್ದಾ ಅಂತ ನೋಡೋರು ಒತ್ತೋದು ಅಲ್ಲೇ. ಆಮೇಲೆ ಚಿತ್ರಗಾರರಿಗೆ ಹೇಳಿದಳು: ‘ತೊಟ್ಟು ಬರೋಬ್ಬರಿ ಮಾಡೀರಿ. ಮುಳ್ಳು ಮಾಡೋದು ಮರತೀರಿ ನೋಡ್ರಿ.’

ಅವರು ಕನ್ನಡಕ ಸರಿಸಿ ಅವ್ವನನ್ನು ನೋಡಿದರು. ‘ಕಾಯಿಪಲ್ಲೆ ಯಾಪಾರ ಏನ್ರಿ ನಿಮ್ದು?’

ನಾನು ಏಳನೇತ್ತೆಗೆ ಹೋಗುವವರೆಗೂ ಅವ್ವ ಸಂತೆಯಲ್ಲಿ ಕಾಯಿಪಲ್ಲೆ ಮಾರುತ್ತಿದ್ದಳು. ಅಪ್ಪ ಅಂಗಡಿ ಇಟ್ಟಿದ್ದು ಆ ದುಡ್ಡಿನ ಮೇಲೆ. ಲೇಔಟಿನಲ್ಲಿ ಯಾರಿಗೂ ಇದು ಗೊತ್ತಿಲ್ಲ. ಮುಚ್ಚಿಟ್ಟಿದ್ದೆ ಅಂತಲ್ಲ. ಹೇಳಿರಲಿಲ್ಲ. ಫಾರ್ಮಿನಲ್ಲೂ ‘ಬಿಸಿನೆಸ್’ ಅಂತ ಬರೆದಿದ್ದೆನಲ್ಲ, ಹಾಗೆ.

‘ಹೌದು ತಗೋರಿ, ಹದಿನೆಂಟು ವರ್ಷ ಮಾರೀನಿ’ ಅಂದಳು ಅವ್ವ. ದನಿ ಒಮ್ಮೆಗೇ ಸಂತೆಯ ದನಿಯಾಗಿತ್ತು. ನಾಲ್ಕು ಬದನೆಕಾಯಿ, ಎರಡು ಮಾವಿನಹಣ್ಣು, ಒಂದು ಗೊನೆ ಬಾಳೆ ತೆಗೆದಿಟ್ಟು ಚೌಕಾಸಿಗೆ ಇಳಿದಳು. ಕಡಿಮೆ ಕೇಳಲಿಲ್ಲ, ಅಷ್ಟು ಕೆಲಸ ಇದೆ ಅಂತ ಅವಳಿಗೂ ಕಾಣುತ್ತಿತ್ತು. ಕೊನೆಗೆ ಕೈ ಚಾಚಿದಳು. ‘ಕೊಸರು?’

ಮರದ ಕಾಯಿಪಲ್ಲೆಗೆ ಕೊಸರು ಕೇಳಿದವರನ್ನು ಅವರು ಮೊದಲ ಸಲ ನೋಡಿದ್ದಿರಬೇಕು. ಬುಟ್ಟಿಯಲ್ಲಿ ಕೈಯಾಡಿಸಿ ಒಂದು ಕೆಂಪು ಮೆಣಸಿನಕಾಯಿ ತೆಗೆದು ಅವ್ವನ ಅಂಗೈಯಲ್ಲಿಟ್ಟರು. ಗರುಡನನ್ನು ಹೆಂಡತಿ ತಗೊಂಡಳು, ಕೆಂಪು ಹಸಿರಿನದನ್ನೇ. ಅದು ಈಗ ನಮ್ಮ ಕೋಣೆಯಲ್ಲಿದೆ. ಹಾಲ್ ಗೋಡೆ ಖಾಲಿಯೇ ಇರಲಿ ಅನ್ನೋದು ಅವಳ ಹಟ, ನಾನು ಎದುರು ಮಾತಾಡಿಲ್ಲ. ಅಪ್ಪನ ಫೋಟೋ ಮಾತ್ರ ಅದೇ ರಾತ್ರಿ ತಂದು ಕಟ್ಟಿದೆವು, ಸ್ವಲ್ಪ ಮುಂದಕ್ಕೆ ಬಾಗಿಸಿ. ಆ ಮೊಳೆ ಹೊಡೆದದ್ದು ಅವಳೇ.

ಬದನೆಕಾಯಿ ಟೀವಿ ಕೆಳಗಿನ ಕಟ್ಟೆಗೆ ಬಂದವು. ಮಗಳು ಗಾಜಿನ ಬಟ್ಟಲಲ್ಲಿ ಜೋಡಿಸಿದ್ದಳು. ಅವ್ವ ಎಲ್ಲ ತೆಗೆದು, ಒಂದು ಜಂಪರಿನ ಬಟ್ಟೆ ಹಾಸಿ, ಮೂರರ ಮೇಲೊಂದು ಇಟ್ಟು ಗುಂಪಿ ಮಾಡಿದಳು. ಒಂದು ಕಾಯಿಗೆ ಬಣ್ಣ ಚೂರು ಕೆದರಿತ್ತು. ಅದರ ಆ ಮಗ್ಗಲು ಗೋಡೆಗೆ, ಹೊಳೆಯುವ ಮಗ್ಗಲು ಎದುರಿಗೆ. ಮೇಲೆ ಕೊಸರಿನ ಮೆಣಸಿನಕಾಯಿ.

ಎದುರು ಮನೆಯಾಕೆ ಒಂದಿನ ಬಂದು ‘ಎಷ್ಟು ಚೆಂದ ಅದಾವ್ರಿ ಅಜ್ಜಿ, ಎಷ್ಟು ಬಿತ್ತು?’ ಅಂದರು. ‘ಗುಂಪಿಗೆ ಎಷ್ಟು ಕೊಡ್ತಿ ಹೇಳು’ ಅಂದಳು ಅವ್ವ. ಆಮೇಲೆ ಇಬ್ಬರೂ ಕೂತು ಅರ್ಧ ತಾಸು ಹಳೇ ಸಂತೆಯ ಮಾತು. ಆಕೆಯ ಅತ್ತೆ ಕುಷ್ಟಗಿ ಸಂತೆಯಲ್ಲಿ ಬಳೆ ಮಾರುತ್ತಿದ್ದರಂತೆ.

ಸಂಜೆ ನಾಲ್ಕೂವರೆಗೆ ಕಿಟಕಿಯಿಂದ ಬಿಸಿಲು ಬಂದು ಕಟ್ಟೆಯ ತುದಿ ಮುಟ್ಟುತ್ತೆ. ಅವ್ವ ಕೂತಲ್ಲಿಂದಲೇ ಕೈ ಚಾಚಿ ಬಟ್ಟೆಯ ಚುಂಗು ಹಿಡಿದು ಗುಂಪಿಯನ್ನು ಗೇಣಷ್ಟು ನೆರಳಿಗೆ ಎಳೀತಾಳೆ. ಸ್ವಲ್ಪ ಹೊತ್ತಿಗೆ ಮತ್ತೊಂದು ಗೇಣು. ಮೊನ್ನೆ ನೀರಿನ ಚೊಂಬು ಕೈಯಲ್ಲಿತ್ತು. ಎರಡು ಬೆರಳು ಅದರಲ್ಲಿ ಅದ್ದಿದ್ದಳು, ಕೈ ಅರ್ಧ ಎತ್ತಿಯೂ ಆಗಿತ್ತು. ಮಗಳು ಹೋಂವರ್ಕ್ ಬಿಟ್ಟು ಕೂಗಿದಳು: ‘ಅಜ್ಜೀ, ನೀರು ಚಿಮುಕಿಸಬ್ಯಾಡ!’

‘ಗೊತ್ತೈತಿ ತಗೋ’ ಅಂದು ಅವ್ವ ಬೆರಳನ್ನು ಸೆರಗಿಗೆ ಒರೆಸಿಕೊಂಡಳು.