ಅತ್ತೆ ಜಗಲಿಗೆ ಎದ್ದು ಹೋದದ್ದು

2024 ಜುಲೈ 21, ಭಾನುವಾರ
ಜೆಪ್ಪು, ಮಂಗಳೂರು

ತುಳುವರ ಆಟಿ ತಿಂಗಳು ಹಿಡಿದು ಇನ್ನೂ ವಾರವಾಗಿಲ್ಲ, ಆಗಲೇ ಕಪಾಟಿನ ಬಟ್ಟೆಗಳಿಗೆಲ್ಲ ಮುಗ್ಗಲು ವಾಸನೆ. ಮಳೆ ಬಿಡುವ ಲಕ್ಷಣವಿರಲಿಲ್ಲ, ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಚಿಮಿಣಿ ಎಣ್ಣೆಯ ಹಳೆ ಪಂಪ್ ಸ್ಟವ್ ಹಚ್ಚಲು ಇದಕ್ಕಿಂತ ಒಳ್ಳೆಯ ದಿನ ಯಾವುದು ಎಂದುಕೊಂಡೆ. ಅತ್ತೆ ಉರ್ವದಿಂದ ಬಂದು ಎರಡು ದಿನವಾಗಿದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಬಂದರಿನ ಗುಜರಿ ಅಂಗಡಿಯಿಂದ ಕಳೆದ ತಿಂಗಳು ಹಿತ್ತಾಳೆಯ ತೂಕಕ್ಕೆ ತಂದ ಸ್ಟವ್ ಇದು. ಕಾಲು ಕಳಚಿ, ಬರ್ನರ್ ಬಿಚ್ಚಿ, ತಗಡಿನ ಡಬ್ಬಿಯೊಳಗಿಟ್ಟು ಕಾಡಿಗೆ ಒಯ್ಯುವ ಸಣ್ಣ ಜಾತಿ. ಟ್ಯಾಂಕಿಗೆ ಕಾಲು ಲೀಟರ್ ಎಣ್ಣೆ ಹಿಡಿದರೆ ಹೆಚ್ಚು. ಮಸಿ ಹೋದ ಮೇಲೆ ಪ್ರೈಮಸ್ ಎಂಬ ಹೆಸರು, ಸ್ಟಾಕ್‌ಹೋಮ್ ಎಂಬ ಊರು ಎದ್ದು ಬಂದವು. ವರ್ಷ ಮಾತ್ರ ಸತಾಯಿಸುತ್ತಿದೆ. 1911ರಿಂದ ಆ ಕಂಪನಿ ವರ್ಷಕ್ಕೊಂದು ಇಂಗ್ಲಿಷ್ ಅಕ್ಷರವನ್ನು ಒತ್ತುತ್ತಿತ್ತು. ಎ ಎಂದರೆ 1911. ನನ್ನದರಲ್ಲಿ ಅಕ್ಷರದ ಬಾಲ ಸವೆದಿದೆ. ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿದೆ, ಟಾರ್ಚನ್ನು ಓರೆಯಾಗಿ ಹಿಡಿದೆ. ಸಿ ಆದರೆ 1913, ಜಿ ಆದರೆ 1917. ಒಂದು ದಿನ ಸಿ ಕಾಣುತ್ತದೆ, ಮರುದಿನ ಜಿ. ಬಿಚ್ಚಿದ ಸ್ಟವ್‌ಗಳ ಲೆಕ್ಕವಿಡುವ ನನ್ನ ಪುಸ್ತಕದಲ್ಲಿ ಸಿ ಎಂದೇ ಬರೆದಿಟ್ಟಿದ್ದೇನೆ. ನಾಲ್ಕು ವರ್ಷ ಹಳತಾದರೆ ನನಗೇನು ಸಿಗುತ್ತದೋ, ಆದರೂ ದುರಾಸೆ.

ಪಂಪಿನ ಚರ್ಮದ ವಾಷರ್ ಒಣಸಿಗಡಿಯಂತೆ ಮುದುಡಿತ್ತು. ಹೊಲಿಗೆ ಮೆಷಿನಿನ ಎಣ್ಣೆಯಲ್ಲಿ ಮೂರು ರಾತ್ರಿ ನೆನೆಸಿದ ಮೇಲೆ ಮೈಬಿಟ್ಟಿತು. (ತೆಂಗಿನೆಣ್ಣೆ ಹಾಕಬೇಡಿ. ವರ್ಷ ಕಳೆದ ಮೇಲೆ ಅಂಟುತ್ತದೆ.) ಪಂಪಿನ ತಳದ ವಾಲ್ವಿನಲ್ಲಿ ಕಾಳುಮೆಣಸಿಗಿಂತ ಸ್ವಲ್ಪ ದೊಡ್ಡದೊಂದು ಬಿರಡೆಚೂರು ಇರುತ್ತದೆ. ಒಳಗೆ ಹೋದ ಗಾಳಿ ಹಿಂದಕ್ಕೆ ಬಾರದಂತೆ ತಡೆಯುವುದು ಅದೇ. ಅದು ಪುಡಿಯಾಗಿತ್ತು, ರಬ್ಬರ್ ಕತ್ತರಿಸಿ ಕೂರಿಸಿದೆ. ಗಾಳಿ ತುಂಬಿ ಬಕೆಟ್ ನೀರಿನಲ್ಲಿ ಮುಳುಗಿಸಿದರೆ ಒಂದೇ ಒಂದು ಗುಳ್ಳೆ ಏಳಲಿಲ್ಲ. ಇನ್ನು ಚಿಮಿಣಿ ಎಣ್ಣೆ. ಅದು ಎಲ್ಲಿಂದ ಬಂತು ಎಂದು ಇಲ್ಲಿ ಬರೆಯುವುದಿಲ್ಲ.

ಎಲ್ಲ ಸರಿ ಇತ್ತು, ನನಗೆ ತಾಳ್ಮೆ ಇರಲಿಲ್ಲ. ಬರ್ನರ್ ಕೆಳಗಿನ ಬಟ್ಟಲಿಗೆ ಸ್ಪಿರಿಟ್ ಹೊಯ್ದು ಕಡ್ಡಿ ಗೀರಿದರೆ, ಅದು ಹೆಚ್ಚುಕಡಿಮೆ ಉರಿದು ಮುಗಿಯುವವರೆಗೆ ಕಾಯಬೇಕು. ಬರ್ನರ್ ಕಾದರೆ ಮಾತ್ರ ಎಣ್ಣೆ ಆವಿಯಾಗಿ ಬರುತ್ತದೆ, ಇಲ್ಲದಿದ್ದರೆ ಎಣ್ಣೆಯಾಗಿಯೇ ಚಿಮ್ಮುತ್ತದೆ. ಅರ್ಧಕ್ಕೇ ಪಂಪ್ ಹೊಡೆದೆ. ಹಳದಿ ಜ್ವಾಲೆ ನನ್ನ ಹುಬ್ಬಿನವರೆಗೆ ಎದ್ದಿತು. ಗಾಳಿಯ ತಿರುಪು ಬಿಚ್ಚಿದ ಕೂಡಲೇ ಇಳಿಯಿತು. ಎರಡನೇ ಸಲ ಕಾದು ಹೊಡೆದೆ, ಭರ್ರೆಂದು ನೀಲಿಯಾಗಿ ಹತ್ತಿಕೊಂಡಿತು. ನೂರು ವರ್ಷ ದಾಟಿದ ಸದ್ದು! ತಿರುಗಿ ನೋಡಿದರೆ ಅತ್ತೆ ಇರಲಿಲ್ಲ.

ಜಗಲಿಯಲ್ಲಿ ಕುಳಿತಿದ್ದರು, ಇರಚಲು ಕಾಲಿಗೆ ಬಡಿಯುತ್ತಿದ್ದರೂ. ಹೆದರಿದರು ಎಂದುಕೊಂಡು ನಾನು ಪಾಠ ಶುರುಮಾಡಿದೆ. 1892ರಲ್ಲಿ ಲಿಂಡ್‌ಕ್ವಿಸ್ಟ್ ಎಂಬವನು ಇದನ್ನು ಕಂಡುಹಿಡಿದದ್ದು, ಅಮುಂಡ್‌ಸೆನ್ ದಕ್ಷಿಣ ಧ್ರುವಕ್ಕೆ ಒಯ್ದದ್ದೂ ಪ್ರೈಮಸ್ಸನ್ನೇ.

“ಅಲ್ಲಿ ಸಿಡಿಯಲಿಲ್ಲವಾ?” ಎಂದರು.

ನಗಬೇಕೋ ಬೇಡವೋ ತಿಳಿಯಲಿಲ್ಲ.

“ನೀನು ಇದುವರೆಗೆ ಎಷ್ಟು ಸ್ಟವ್ ಬಿಚ್ಚಿದ್ದೀ?”

“ಹದಿನೇಳು.”

“ಟ್ಯಾಂಕಿ ಒಡೆದದ್ದು ಎಷ್ಟಿತ್ತು?”

ಯೋಚಿಸಿದೆ. ಮಿತಿಮೀರಿ ಪಂಪ್ ಹೊಡೆದು ತಳ ಉಬ್ಬಿದ್ದು ಎರಡು. ಬೆಸುಗೆ ಬಿಟ್ಟು ಸೋರುತ್ತಿದ್ದದ್ದು ನಾಲ್ಕೈದು. ಒಡೆದದ್ದು ಒಂದೂ ಇಲ್ಲ. ಆದರೆ ಉರಿಯುತ್ತಿರುವಾಗಲೇ ಮುಚ್ಚಳ ತೆಗೆದು ಎಣ್ಣೆ ಹೊಯ್ದು, ಪೆಟ್ರೋಲ್ ಬೆರೆತ ಎಣ್ಣೆ ಹಾಕಿ ಅನಾಹುತವಾದದ್ದುಂಟು ಎಂದೆ.

“ಉಂಟು, ಇಲ್ಲ ಎನ್ನಲಿಲ್ಲ ನಾನು” ಎಂದು ಸುಮ್ಮನಾದರು. ಮಾಡಿನ ನೀರು ತುಳಸಿಕಟ್ಟೆಯ ಬದಿಯಲ್ಲಿ ಸುರಿಯುತ್ತಿತ್ತು. ಆಮೇಲೆ ಹೇಳಿದರು. ಅವರು ಬಾಡಿಗೆಗಿದ್ದ ಹಿತ್ತಿಲಿನ ಆಚೆ ಮನೆಗೆ ಮದುವೆಯಾಗಿ ಬಂದ ಹುಡುಗಿ. ಬೆಳಗ್ಗೆ ಚಹಾಕ್ಕೆ ಸ್ಟವ್ ಹಚ್ಚುವಾಗ ಸಿಡಿಯಿತು ಎಂದು ಪೇಪರಿನಲ್ಲಿ ಎರಡು ಸಾಲು ಬಂತು. ಅತ್ತೆ ಮೂರನೆಯ ದಿನ ಆ ಮನೆಗೆ ಹೋದರು. ಹೋಗದೆ ಇರಲಾಗುತ್ತದೆಯೇ, ನೆರೆಕರೆ.

“ಬಂದವರಿಗೆಲ್ಲ ಚಹಾ ಕೊಟ್ಟರು. ಅದೇ ಸ್ಟವ್‌ನಲ್ಲಿ ಮಾಡಿ.”

“ಅದೇ ಎಂದು ನಿಮಗೆ ಹೇಗೆ ಗೊತ್ತು?”

“ಪಂಪಿನ ಹಿಡಿ ಮುರಿದಿತ್ತು ಮಾರಾಯ, ಅವಳು ಹೊಲಿಗೆ ನೂಲಿನ ಮರದ ರೀಲು ಸಿಕ್ಕಿಸಿಕೊಂಡಿದ್ದಳು. ನಾನೇ ಕೊಟ್ಟ ರೀಲು. ಅದರ ಅಂಚೂ ಕರಟಿರಲಿಲ್ಲ.”

ಚಹಾ ಕುಡಿದಿರಾ ಎಂದು ಕೇಳಬಾರದಿತ್ತು, ಕೇಳಿದೆ. ಕುಡಿದೆ ಎಂದರು. ಸಕ್ಕರೆ ಜಾಸ್ತಿಯಾಗಿತ್ತಂತೆ.

ಆಮೇಲೆ ಎದ್ದು ಒಳಗೆ ಹೋಗಿ, ಏನೂ ಆಗದವರಂತೆ ಪತ್ರೊಡೆಗೆ ಕೆಸುವಿನೆಲೆಯ ನಾರು ತೆಗೆಯುತ್ತಾ ಕುಳಿತರು. ಗ್ಯಾಸಿನಲ್ಲೇ ಬೇಯಿಸಿದೆವು. ಬಹಳ ಚೆನ್ನಾಗಿತ್ತು, ನಾಲ್ಕು ತಿಂದೆ.

ದಂಡಸಂಹಿತೆಗೆ ಗಂಡನ ಮನೆಯವರ ಕ್ರೌರ್ಯದ 498ಎ ಸೇರಿದ್ದು 1983ರಲ್ಲಿ, ವರದಕ್ಷಿಣೆ ಸಾವಿನ 304ಬಿ 1986ರಲ್ಲಿ. ಅತ್ತೆ ಹೇಳಿದ್ದು ಅದಕ್ಕೆಲ್ಲ ಹಿಂದಿನ ಮಾತು. ಯಾರನ್ನೂ ಯಾರೂ ಏನೂ ಕೇಳಲಿಲ್ಲವಂತೆ.

ಈಗ ಹನ್ನೊಂದು ಗಂಟೆ. ನನ್ನ ಪುಸ್ತಕ ತೆರೆದು ಕುಳಿತಿದ್ದೇನೆ. ಹದಿನೇಳು ಸ್ಟವ್, ಒಂದೊಂದಕ್ಕೂ ಒಂದೊಂದು ಪುಟ. ಕಂಪನಿ, ಅಕ್ಷರ, ಬರ್ನರ್ ಸದ್ದಿನದ್ದೋ ಸದ್ದಿಲ್ಲದ್ದೋ, ಯಾವ ವಾಷರ್ ಬದಲಾಯಿಸಿದ್ದು, ಕೊಟ್ಟ ಹಣ. ಯಾರ ಅಡುಗೆಮನೆಯಿಂದ ಬಂತು ಎಂದು ಒಂದು ಪುಟದಲ್ಲೂ ಇಲ್ಲ. ಒಂಬತ್ತನೆಯದಕ್ಕೆ ‘ಹಿಡಿ ಮೂಲದ್ದಲ್ಲ, ಕಿತ್ತು ಬಿಸಾಡಿದೆ’ ಎಂದು ನನ್ನದೇ ಅಕ್ಷರದಲ್ಲಿದೆ. ಆ ಹಿಡಿ ಮರದ್ದಾಗಿತ್ತೇ, ಎಬೊನೈಟಿನದ್ದೇ ಎಂದು ಎಷ್ಟು ನೆನಪಿಸಿಕೊಂಡರೂ